ಬೂಮಣ್ಣಿ ಬುಟ್ಟಿಯ ಮೇಲೆ ಬರೆದದ್ದು

ಹೋದ ತಿಂಗಳು ಮೊಮ್ಮಗಳು ನನ್ನ ಪಕ್ಕ ಕೂತು ಒಂದು ಕಾದಂಬರಿ ಓದಿ ಮುಗಿಸಿದಳು. ಯಾವುದೋ ದೂರದ ದೇಶದ ಕಥೆ. ಅಪ್ಪ ಅಮ್ಮ ಇಲ್ಲದ ಹುಡುಗಿಯೊಬ್ಬಳು ನೆಂಟರ ಮನೆಯಲ್ಲಿ ಬೆಳೆಯುತ್ತಾಳೆ, ಯಾರು ಏನಂದರೂ ಬರೆಯುವುದನ್ನು ಬಿಡುವುದಿಲ್ಲ. ಪುಸ್ತಕ ಮುಚ್ಚಿದವಳೇ ನನ್ನ ಮುಖ ನೋಡಿದಳು.

"ಅಜ್ಜಿ, ಇದು ನಿನ್ನದೇ ಕಥೆ ಅಲ್ವಾ?"

"ನನ್ನದಲ್ಲ. ಪಕ್ಕದ ಮನೆಯವಳದು ಇರಬೇಕು" ಎಂದೆ.

ಆಮೇಲೆ ನಾನೂ ಓದಿದೆ. ಆ ಹುಡುಗಿಗೆ ಕಿಟಕಿ ಇರುವ ಕೋಣೆ ಇತ್ತು, ಕಾಗದ ಇತ್ತು. ನನಗೆ ಇದ್ದದ್ದು ಬಚ್ಚಲಮನೆಯ ಹಿಂದಿನ ಗೋಡೆ ಮತ್ತು ಒಲೆಯಿಂದ ಕದ್ದ ಇದ್ದಿಲು. ಆದರೂ ಕೊನೆಯ ಪುಟ ಮುಗಿದಾಗ ಮತ್ತೆ ಮೊದಲ ಪುಟಕ್ಕೆ ತಿರುಗಿಸಿದೆ. ಅದಕ್ಕೇ ಸೊರಬದ ಮನೆಯ ಆ ಎರಡು ವರ್ಷಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಕಂಡದ್ದನ್ನು ಕಂಡದ್ದೆಂದು, ಕೇಳಿದ್ದನ್ನು ಕೇಳಿದ್ದೆಂದು ಹೇಳುತ್ತೇನೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎನ್ನುತ್ತೇನೆ.

ನಾನು ಹುಟ್ಟಿದ್ದು ಶಿಕಾರಿಪುರದಿಂದ ಉಡುತಡಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಒಂದೇ ಮಳೆಗಾಲದಲ್ಲಿ ಜ್ವರ ಬಂದು ಮೊದಲು ಅಪ್ಪ, ಆಮೇಲೆ ಅಮ್ಮ ಹೋದರು. ಎಂಥ ಜ್ವರ, ಯಾವ ಡಾಕ್ಟರು ಎಂಬುದೆಲ್ಲ ಆಮೇಲೆ ನನಗೆ ಹೇಳಿದ್ದು. ಹೇಳಿದವರೆಲ್ಲ ಬೇರೆ ಬೇರೆ ಹೇಳಿದರು. ನಾನೇ ಕಂಡದ್ದು ಇಷ್ಟು: ಅಮ್ಮನ ಚಾಪೆಯ ಪಕ್ಕದಲ್ಲಿ ತಾಮ್ರದ ಚೊಂಬು, ಅದರ ಬಾಯಿಗೆ ಬೋರಲು ಹಾಕಿದ ಲೋಟ. ಅಮ್ಮ ನನ್ನನ್ನು ಹತ್ತಿರ ಕರೆದು ಏನೋ ಹೇಳಿದಳು. ನಾನು ಹೂಂ ಅಂದೆ. ಅವಳು ಹೋದ ಮೇಲೆ ಆ ಮಾತು ಏನೆಂದು ನೆನಪು ಮಾಡಿಕೊಳ್ಳಲು ಹೋದರೆ ಸಿಗಲಿಲ್ಲ. ಲೋಟ ನೆನಪಿದೆ, ಚೊಂಬಿನ ನೆಗ್ಗು ನೆನಪಿದೆ, ಮಾತು ಇಲ್ಲ. ಕೇಳಿದ ಮಾತು ಹೀಗೆ ಕಳೆದುಹೋಗುತ್ತದೆ ಎಂದು ನನಗೆ ಗೊತ್ತಾದದ್ದು ಆಗ. ಅಲ್ಲಿಂದ ಮುಂದೆ ಯಾರು ಏನು ಹೇಳಿದರೂ ಎಲ್ಲಾದರೊಂದು ಕಡೆ ಗೀಚಿಡುವುದು ನನ್ನ ಚಾಳಿಯಾಯಿತು. ಬೂದಿಯಲ್ಲಿ ಬೆರಳಿಂದ, ಅಂಗಳದಲ್ಲಿ ಕಡ್ಡಿಯಿಂದ, ಗೋಡೆಯ ಮೇಲೆ ಇದ್ದಿಲಿನಿಂದ.

ನನ್ನನ್ನು ಕರೆದುಕೊಂಡು ಬಂದದ್ದು ಸೋದರಮಾವ. ಸೊರಬದಿಂದ ಚಂದ್ರಗುತ್ತಿಗೆ ಹೋಗುವ ಬಸ್ಸಿನಲ್ಲಿ ಬಂದು ನಡುದಾರಿಯಲ್ಲಿ ಇಳಿದು, ಗದ್ದೆಯ ಅಂಚಿನ ಮೇಲೆ ನಡೆದರೆ ಅವರ ಮನೆ. ಮುಂದೆ ಜಗಲಿ, ಒಳಗೆ ಕತ್ತಲೆಯ ನಡುಮನೆ, ಅದರ ಮೂಲೆಯಲ್ಲಿ ಭತ್ತದ ಕಣಜ, ಆಚೆಗೆ ಅಡುಗೆಮನೆ. ಆ ಮನೆಯಲ್ಲಿ ನಾಲ್ವರಿದ್ದರು. ಅಮ್ಮನ ಅಮ್ಮ, ಅಂದರೆ ಅಜ್ಜಿ, ಮಾವ, ಮಾವನ ಹೆಂಡತಿ ಅತ್ತೆ, ಮತ್ತು ಅವರ ಮಗಳು, ನನಗಿಂತ ಸ್ವಲ್ಪ ದೊಡ್ಡವಳು, ನಾಗವೇಣಿ. ನಾವು ನಾಗಿ ಅನ್ನುತ್ತಿದ್ದೆವು. ನಾನು ಜೋಳದ ರೊಟ್ಟಿ ತಿಂದು ಬೆಳೆದವಳು, ಅಲ್ಲಿ ಬೆಳಿಗ್ಗೆ ಗಂಜಿ, ಅದಕ್ಕೆ ಸುಟ್ಟ ಒಣಮೀನು. ಮೊದಲ ದಿನ ನಾನು ಮೀನಿನ ಮುಳ್ಳನ್ನು ತಟ್ಟೆಯ ಸುತ್ತ ಸಾಲಾಗಿ ಜೋಡಿಸಿಟ್ಟು ಕೂತಿದ್ದೆ. ನಾಗಿ ಅದನ್ನು ನೋಡಿ ನಕ್ಕಳು. ನನ್ನ ಮಾತು ಕೇಳಿ ಇನ್ನೂ ನಕ್ಕಳು. ನಾನು 'ನೀರ್ ಕೊಡ್ರೀ' ಎಂದರೆ ಅವಳು ಬಾಗಿಲಿನಿಂದಲೇ ಕೂಗುತ್ತಿದ್ದಳು:

"ಅವ್ವಾ, ಶಿಕಾರಿಪುರದ ತಾಸಿಲ್ದಾರ್ರು ನೀರು ಕೇಳ್ತಾ ಇದಾರ್ರೀ! ಬೇಗ ತಗಂಡ್ ಬರ್ರೀ!"

ಅಜ್ಜಿಗೆ ನನ್ನ ಮೇಲೆ ಪ್ರೀತಿ ಇತ್ತು, ನನ್ನ ಇದ್ದಿಲಿನ ಮೇಲೆ ಇರಲಿಲ್ಲ. ಬಚ್ಚಲ ಗೋಡೆಯನ್ನು ಅವಳು ಸಗಣಿ ಹಾಕಿ ಸಾರಿಸುವುದು, ಮಾರನೆಯ ದಿನ ನಾನು ಅದರ ಮೇಲೆ ಬರೆಯುವುದು, ಇದು ನಮ್ಮಿಬ್ಬರ ನಡುವೆ ನಡೆಯುತ್ತಲೇ ಇತ್ತು.

"ಎಂತದೇ ಅದು, ಗೋಡೆಗೆ ಕಜ್ಜಿ ಬಂದಂಗೆ? ಶಾಲೇಲಿ ಬರೆದದ್ದು ಸಾಲ್ದನ?"

"ನೀ ನಿನ್ನೆ ಹೇಳಿದ ಮಾತು ಅಜ್ಜಿ."

"ನಾ ಎಂತ ಹೇಳಿದ್ದೆ?"

"ನೋಡು, ನಿಂಗೇ ಮರ್ತೋಗೇದ."

ಅತ್ತೆಯ ವಿಷಯ ಬೇರೆ. ಅವರು ಬೈಯುತ್ತಿರಲಿಲ್ಲ, ಮುದ್ದು ಮಾಡುತ್ತಲೂ ಇರಲಿಲ್ಲ. ಮಾತೇ ಕಡಿಮೆ. ಊರಿನಲ್ಲಿ ಅವರ ಕೈಯ ಚಿತ್ತಾರಕ್ಕೆ ಹೆಸರಿತ್ತು. ಮದುವೆ ಮನೆಯವರು ಬಂದು ಗೋಡೆಗೆ ಹಸೆ ಚಿತ್ತಾರ ಬರೆಯಲು ಕರೆದುಕೊಂಡು ಹೋಗುತ್ತಿದ್ದರು. ಕೆಮ್ಮಣ್ಣು ಬಳಿದ ಗೋಡೆಯ ಮುಂದೆ, ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ಅವರು ಒಂದು ಎಳೆ ಎಳೆದರೆ ಅದು ದಾರ ಕಟ್ಟಿದ ಹಾಗೆ ನೆಟ್ಟಗೆ ಹೋಗುತ್ತಿತ್ತು. ನಾನು ಮಾತನ್ನು ಹೇಗೆ ನೋಡುತ್ತಿದ್ದೆನೋ ಅವರು ಗೆರೆಯನ್ನು ಹಾಗೆ ನೋಡುತ್ತಿದ್ದರು ಎಂದು ಈಗ ಅನ್ನಿಸುತ್ತದೆ. ಆಗ ಅವರನ್ನು ಕಂಡರೆ ನನಗೆ ಹೆದರಿಕೆ ಮಾತ್ರ ಇತ್ತು.

ನಮ್ಮ ಕಡೆ ಭೂಮಿ ಹುಣ್ಣಿಮೆಯನ್ನು ದೀಪಾವಳಿಗಿಂತ ಮುಂಚೆ ಮಾಡುತ್ತಾರೆ. ಆ ಹೊತ್ತಿಗೆ ಗದ್ದೆಯಲ್ಲಿ ಭತ್ತಕ್ಕೆ ಹಾಲು ತುಂಬುತ್ತಿರುತ್ತದೆ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂದು ಲೆಕ್ಕ. ಸಿಕ್ಕಸಿಕ್ಕ ಕಾಡುಸೊಪ್ಪನ್ನೆಲ್ಲ ತಂದು ಬೇಯಿಸಿ, ಅನ್ನ ಕಡುಬಿನ ಜೊತೆ ಬಿದಿರಿನ ಬುಟ್ಟಿಯಲ್ಲಿ ತುಂಬಿ, ಸೂರ್ಯ ಹುಟ್ಟುವ ಮೊದಲೇ ಗದ್ದೆಗೆ ಒಯ್ದು ಎರಚಿ ಉಣಿಸುತ್ತಾರೆ. ಆ ಬುಟ್ಟಿಯೇ ಬೂಮಣ್ಣಿ ಬುಟ್ಟಿ. ಮಹಾನವಮಿಯ ಹೊತ್ತಿಗೆ ಅದಕ್ಕೆ ಸಗಣಿ ಮೆತ್ತಿ ಕೆಮ್ಮಣ್ಣು ಬಳಿದು, ಹುಣ್ಣಿಮೆ ಬರುವುದರೊಳಗೆ ಮೈತುಂಬ ಚಿತ್ತಾರ ಬರೆದು ಮುಗಿಸಬೇಕು. ನಮ್ಮ ಮನೆಯಲ್ಲಿ ಅದಕ್ಕೆ ಎರಡು ಕಟ್ಟುಗಳಿದ್ದವು. ಒಂದು, ಬುಟ್ಟಿಯ ಮೇಲೆ ಖಾಲಿ ಜಾಗ ಬಿಡಬಾರದು. ಬಸುರಿಯ ಊಟದ ಬುಟ್ಟಿ ಬರಿದಾಗಿ ಕಾಣಬಾರದು. ಇನ್ನೊಂದು, ಬುಟ್ಟಿಗೆ ಕುಂಚ ಹಿಡಿದವಳು ಆ ಪೈರು ಕೊಯ್ದು ಮನೆಗೆ ಬರುವ ತನಕ ಮನೆ ಬಿಟ್ಟು ಹೋಗಬಾರದು. ಅತ್ತೆಯ ತವರು ಅಲ್ಲೇ ಚಂದ್ರಗುತ್ತಿಯಲ್ಲಿದ್ದರೂ ದೀಪಾವಳಿಗೆ ಅವರು ತವರಿಗೆ ಹೋದದ್ದನ್ನು ನಾನು ನೋಡಿಲ್ಲ. ಅವರ ಅಣ್ಣನೇ ಅರಿಶಿನ ಕುಂಕುಮ ಹಿಡಿದುಕೊಂಡು ಬಂದುಹೋಗುತ್ತಿದ್ದರು.

ನಾನು ಬಂದ ಮೊದಲ ವರ್ಷ ಅತ್ತೆ ಮತ್ತು ನಾಗಿ ಬುಟ್ಟಿಯ ಎರಡು ಬದಿ ಕೂತು ಬರೆದರು. ನಾನೂ ಒಂದು ನಾರು ತೆಗೆದುಕೊಂಡೆ. ಅಜ್ಜಿ ನನ್ನ ಮುಂಗೈ ಹಿಡಿದಳು. ಗಟ್ಟಿಯಾಗಿ ಏನೂ ಹಿಡಿಯಲಿಲ್ಲ.

"ನೀ ಬ್ಯಾಡ ಕೂಸೇ. ಬಸುರಿ ತಾಯಿ ಬುಟ್ಟಿ. ಅಪ್ಪ ಅವ್ವ ಇಲ್ದೋರ ಕೈ ಬ್ಯಾಡ ಅಂತಾರೆ."

ಯಾರು ಅಂತಾರೆ ಎಂದು ನಾನು ಕೇಳಲಿಲ್ಲ. ಹಿಟ್ಟು ಕಲೆಸುವ ನೀರು ತರುವುದು ನನ್ನ ಕೆಲಸವಾಯಿತು. ಅತ್ತೆ ತಲೆ ಎತ್ತಲಿಲ್ಲ. ಆದರೆ ಅವರು ಎಳೆಯುತ್ತಿದ್ದ ಗೆರೆ ಅಲ್ಲೇ ನಿಂತಿತು, ಸ್ವಲ್ಪ ಹೊತ್ತಿನ ಮೇಲೆ ಮುಂದೆ ಹೋಯಿತು. ಇದು ನಾನು ಕಣ್ಣಾರೆ ನೋಡಿದ್ದು. ಅದರ ಅರ್ಥ ಮರುವರ್ಷದ ತನಕ ನನಗೆ ಗೊತ್ತಾಗಲಿಲ್ಲ.

ಮರುವರ್ಷ ಮಹಾನವಮಿಗೆ ಮುಂಚೆ ಶಿಕಾರಿಪುರದಿಂದ ದೊಡ್ಡಪ್ಪ ಬಂದರು. ಅಪ್ಪನ ಅಣ್ಣ. ಕೆಟ್ಟವರಲ್ಲ, ನನಗೆ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದಿದ್ದರು. ಜಗಲಿಯಲ್ಲಿ ಕೂತು ಮಾವನ ಹತ್ತಿರ ಅವರು ಆಡಿದ ಮಾತನ್ನು ನಾನು ಕಣಜದ ಹಿಂದೆ ನಿಂತು ಕೇಳಿದೆ.

"ಹುಡುಗಿ ನಮ್ಮನೀದಲ್ಲೇನ್ರೀ? ಎಷ್ಟು ದಿನಾ ಅಂತ ನಿಮ್ಮ ಮ್ಯಾಲ ಹೊರಸೂದು. ನಮ್ಮಾಕೀಗೆ ಬಾಣಂತನ ಆಗೇತಿ, ಕೂಸು ಆಡ್ಸಾಕ ಒಬ್ರು ಬೇಕು. ಭೂಮಿ ಹುಣ್ಣಿಮಿಗೆ ಬರ್ತೀನಿ, ಹಬ್ಬ ಮುಗಿಸ್ಕೊಂಡು ಹಂಗಾ ಕರ್ಕೊಂಡು ಹೊಕ್ಕೀನಿ."

"ಶಾಲೆ?" ಎಂದರು ಮಾವ.

"ಶಾಲಿ ನೋಡೂನು ತಗೋರಿ. ಓದು ಬರಾ ಬರ್ತೈತಲ್ಲ, ಸಾಕು."

ಮಾವ ಎಲೆ ಅಡಿಕೆಯ ತಟ್ಟೆಯನ್ನು ಅವರ ಕಡೆ ಸರಿಸಿದರು. ಅಪ್ಪನ ಕಡೆಯವರು ಕೇಳಿದರೆ ಅಮ್ಮನ ಕಡೆಯವರು ಇಲ್ಲ ಎನ್ನುವ ಹಾಗಿಲ್ಲ ಎಂದು ಆಮೇಲೆ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದಳು. ನನಗೆ ಗೊತ್ತಿತ್ತು, ಕೂಸು ಆಡಿಸುವ ಹುಡುಗಿ ಶಾಲೆಗೆ ಹೋದದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ಬಚ್ಚಲ ಗೋಡೆಯ ಮೇಲೆ ಆ ದಿನ ದೊಡ್ಡಪ್ಪನ ಮಾತನ್ನು ಅವರು ಆಡಿದ ಹಾಗೆಯೇ ಬರೆದೆ. ಅಜ್ಜಿ ಅದನ್ನು ಅಳಿಸಲಿಲ್ಲ. ಅವಳಿಗೆ ಓದಲು ಬರುತ್ತಿರಲಿಲ್ಲ. ನನ್ನ ಮುಖ ನೋಡಿ ಬಿಟ್ಟಿರಬೇಕು.

ಹುಣ್ಣಿಮೆ ಹತ್ತಿರ ಬಂತು. ಅತ್ತೆ ಬುಟ್ಟಿಯ ಮೇಲ್ಭಾಗ ಮತ್ತು ತಳದ ಚಿತ್ತಾರ ಮುಗಿಸಿದ್ದರು: ಭತ್ತದ ಸಸಿ, ಏಣಿ, ಎತ್ತಿನಗಾಡಿ. ಹೊಟ್ಟೆಯ ಸುತ್ತ ಅಗಲವಾದ ಒಂದು ಪಟ್ಟಿ ಮಾತ್ರ ಕೆಂಪಾಗಿ ಉಳಿದಿತ್ತು. ಹಬ್ಬದ ಹಿಂದಿನ ದಿನ ಗಂಜಿ ಬಸಿಯುವಾಗ ಪಾತ್ರೆ ಜಾರಿ ಅವರ ಬಲಗೈ ಸುಟ್ಟಿತು. ಅವರು ಕೂಗಲಿಲ್ಲ. ಬಾಳೆದಿಂಡಿನ ರಸ ಹಾಕಿ ಬಟ್ಟೆ ಸುತ್ತಿಕೊಂಡರು. ನಾಗಿ ಅದೇ ವಾರ ದೊಡ್ಡವಳಾಗಿದ್ದಳು, ಹೊರಗಿನ ಕೋಣೆಯಲ್ಲಿ ಕೂತಿದ್ದಳು, ಬುಟ್ಟಿ ಮುಟ್ಟುವಂತಿರಲಿಲ್ಲ. ಅಜ್ಜಿಗೆ ಕಣ್ಣು ಮಂಜು. ಪಕ್ಕದ ಮನೆಯವರನ್ನು ಕರೆದರೆ ಬರುತ್ತಿದ್ದರು. ಅತ್ತೆ ಕರೆಯಲಿಲ್ಲ. ಕುಂಚವನ್ನು ಎಡಗೈಯಲ್ಲಿ ತಂದು ನನ್ನ ಮುಂದೆ ಹಿಡಿದರು.

"ಬರಿ."

"ಅಜ್ಜಿ ಬ್ಯಾಡ ಅಂತಾಳ್ರೀ."

"ಅವರು ಸೊಪ್ಪಿಗೆ ಹೋಗಿದಾರೆ. ನಾ ಹೇಳ್ತಿದೀನಲ್ಲ, ಬರಿ. ಖಾಲಿ ಒಂದು ಬಿಡಬ್ಯಾಡ."

ಅಷ್ಟು ಹೇಳಿ ಅವರು ಹಿತ್ತಿಲಿಗೆ ಹೋದರು. ನಾನು ಒಂದು ಸಸಿ ಎಳೆದೆ. ಮಿಡತೆ ತಿಂದ ಸಸಿಯ ಹಾಗೆ ಬಂತು. ಕೆಮ್ಮಣ್ಣು ಹಚ್ಚಿ ಅಳಿಸಿದೆ. ಏಣಿ ಎಳೆದೆ. ಆ ಏಣಿ ಹತ್ತಿದವರು ಬಿದ್ದೇ ಬೀಳುತ್ತಾರೆ, ಹಾಗಿತ್ತು. ಅದನ್ನೂ ಅಳಿಸಿದೆ. ಹಿಟ್ಟು ಗಟ್ಟಿಯಾಗುತ್ತಾ ಬಂದಿತ್ತು, ಖಾಲಿ ಬಿಡಬಾರದು, ನನ್ನ ಕೈಗೆ ಬರುವುದು ಒಂದೇ. ತಪ್ಪು ಮಾಡುತ್ತಿದ್ದೇನೆ ಎಂದು ಆಗ ಅನ್ನಿಸಲೇ ಇಲ್ಲ. ಪಟ್ಟಿಯ ಒಂದು ತುದಿಯಿಂದ ಸಣ್ಣ ಸಣ್ಣ ಅಕ್ಷರದಲ್ಲಿ ಶುರುಮಾಡಿದೆ. ಕೆಂಪಿನ ಮೇಲೆ ಬಿಳಿ. ಸಾಲು ಬುಟ್ಟಿಯನ್ನು ಸುತ್ತಿ ಬಂದು ತನ್ನ ಕೆಳಗೆ ತಾನೇ ಸೇರಿಕೊಂಡಿತು, ನಾನು ಬುಟ್ಟಿಯನ್ನು ತಿರುಗಿಸುತ್ತಾ ಹೋದೆ. ಗೆರೆಗೆ ನಡುಗುತ್ತಿದ್ದ ಕೈ ಅಕ್ಷರಕ್ಕೆ ನಡುಗಲಿಲ್ಲ. ಪಟ್ಟಿ ತುಂಬಿದಾಗ ದೂರ ನಿಂತು ನೋಡಿದೆ. ಅಲ್ಲಿಂದ ಅದು ಚಿತ್ತಾರವೇ.

ಅತ್ತೆ ಬಂದು ಹತ್ತಿರ ಬಗ್ಗಿದರು. ಅವರು ಶಾಲೆಗೆ ಸ್ವಲ್ಪ ದಿನ ಹೋದವರು, ಕೂಡಿಸಿ ಕೂಡಿಸಿ ಓದುತ್ತಿದ್ದರು. ತುಟಿ ಅಲುಗುತ್ತಿತ್ತು. ಎಷ್ಟು ಓದಿದರೋ ಗೊತ್ತಿಲ್ಲ. ನೆಟ್ಟಗಾಗಿ ಹೇಳಿದ್ದು ಒಂದೇ ಮಾತು:

"ಒಣಗ್ಲಿ."

ಬುಟ್ಟಿಯನ್ನು ದೇವರ ಮೂಲೆಯಲ್ಲಿಟ್ಟು ಮೇಲೊಂದು ಮಡಿಬಟ್ಟೆ ಹೊದಿಸಿದರು.

ಮಾರನೆಯ ಬೆಳಗಿನ ಜಾವ ಮನೆಯೆಲ್ಲ ಬೆಂದ ಸೊಪ್ಪಿನ ವಾಸನೆ. ದೊಡ್ಡಪ್ಪ ಹಿಂದಿನ ಸಂಜೆಯೇ ಬಂದಿದ್ದರು, ನನ್ನ ಬಟ್ಟೆಯ ಚೀಲ ಜಗಲಿಯ ಕಂಬಕ್ಕೆ ಒರಗಿತ್ತು. ಪೂಜೆ ಮುಗಿದು, ಅತ್ತೆ ಎಡಗೈಯಲ್ಲೇ ಬುಟ್ಟಿ ತುಂಬಿ ಬಟ್ಟೆ ತೆಗೆದ ಮೇಲೆ, ಎತ್ತಲು ಬಗ್ಗಿದ ಮಾವ ಬಲ್ಬಿನ ಬೆಳಕಿನಲ್ಲಿ ಅದನ್ನು ನೋಡಿ ಹಾಗೆಯೇ ಕೂತುಬಿಟ್ಟರು.

"ಎಂತದೇ ಇದು ಮಾರಾಯ್ತಿ! ಬುಟ್ಟಿನೋ ಬಸ್ಸಿನ ಬೋರ್ಡೋ?"

"ಎಂತಾತು?" ಎಂದಳು ಅಜ್ಜಿ.

"ಅಕ್ಷರ ಅವ್ವಾ. ಸುತ್ತಾ ಅಕ್ಷರ."

ಅಜ್ಜಿ ನನ್ನ ಕಡೆ ತಿರುಗಿದಳು. ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಹೊರಗೆ ಪೂರ್ವದ ಕಡೆ ಬೆಳ್ಳಗಾಗುತ್ತಿತ್ತು. ಬೇರೆ ಬುಟ್ಟಿ ಬರೆಯುವಷ್ಟು ಹೊತ್ತಿರಲಿಲ್ಲ. ಸೂರ್ಯ ಹುಟ್ಟಿದ ಮೇಲೆ ಹೋದರೆ ಹಬ್ಬವೇ ಇಲ್ಲ.

"ಭೂಮಿ ಅಮ್ಮನೋರು ಏನು ತಿಳ್ಕೊಂತಾರೋ! ಕೆಟ್ಟದ್ದು ಎಂತಾರು ಬರೆದಿದ್ರೆ?" ಎಂದಳು ಅಜ್ಜಿ.

ಆಗ ಬಾಗಿಲ ಹತ್ತಿರ ಕೂತಿದ್ದ ದೊಡ್ಡಪ್ಪ ಹೇಳಿದರು:

"ಬೈಯೂದು ಆಮ್ಯಾಲ ಬೈಯ್ರೆಲ್ಲ. ಏನು ಬರದಾಳ ಅಂತ ಮೊದ್ಲು ಓದ್ಲಿ. ಓದವಾ ತಂಗೀ."

ನಾನು ಬುಟ್ಟಿಯ ಮುಂದೆ ಕೂತೆ. ಮಾವ ಎರಡೂ ಕೈಯಲ್ಲಿ ಹಿಡಿದು, ಬೀಸುಕಲ್ಲು ತಿರುಗಿಸುವ ಹಾಗೆ ನಿಧಾನವಾಗಿ ಬುಟ್ಟಿಯನ್ನು ತಿರುಗಿಸಿದರು. ನಾನು ಓದಿದೆ. ಆ ಬುಟ್ಟಿ ಈಗಿಲ್ಲ, ಮರುವರ್ಷವೇ ಅದರ ಮೇಲೆ ಹೊಸ ಕೆಮ್ಮಣ್ಣು ಬಿತ್ತು. ಆದರೆ ಬರೆದದ್ದು ನನಗೆ ಬಾಯಿಗೆ ಬರುತ್ತದೆ:

"ಭೂಮಿತಾಯಿ, ಈ ಬುಟ್ಟಿ ಅತ್ತೆ ಬರೆದದ್ದು. ಅವರ ಕೈ ಸುಟ್ಟಿದೆ, ಅದಕ್ಕೆ ಉಳಿದದ್ದು ನಾನು ಬರೆಯುತ್ತಿದ್ದೇನೆ. ಅವರು ಅಳಲಿಲ್ಲ. ಅಜ್ಜಿ ಸೊಪ್ಪಿಗೆ ಹಳ್ಳದ ಆಚೆ ಹೋಗಿದ್ದಾಳೆ. ಅವಳಿಗೆ ಮೊಣಕಾಲು ನೋವು, ಯಾರಿಗೂ ಹೇಳಿಲ್ಲ. ನಾಗಿ ಹೊರಗೆ ಕೂತಿದ್ದಾಳೆ. ಅವಳ ಚಿತ್ತಾರ ಇದರಲ್ಲಿ ಇಲ್ಲ, ಅವಳನ್ನು ಮರೆಯಬೇಡ. ನಿನ್ನ ಕಡುಬಿಗೆ ಅಂತ ತಂದ ಬೆಲ್ಲದಲ್ಲಿ ಮಾವ ಒಂದು ತುಂಡು ತಿಂದರು, ಇಲಿ ತಿಂದಿತು ಅಂದರು. ಬೈಯಬೇಡ, ಸಣ್ಣ ತುಂಡು. ನಾನು ಈ ಮನೆಯಲ್ಲಿ ಉಂಡಿದ್ದೇನೆ. ಅಡುಗೆ ಚೆನ್ನಾಗಿರುತ್ತದೆ. ನೀನೂ ಉಣ್ಣು."

ಓದಿ ಮುಗಿಸಿದಾಗ ಮೊದಲು ನಕ್ಕದ್ದು ಹೊರಗಿನ ಕೋಣೆಯಿಂದ ನಾಗಿ.

"ಅಪ್ಪಯ್ಯಾ, ಇಲಿಗೆ ಮೀಸೆ ಐತನ?"

ದೊಡ್ಡಪ್ಪ ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡರು. ಮಾವ ಮೀಸೆ ಮುಟ್ಟಿಕೊಂಡು ಅಜ್ಜಿಯ ಮುಖ ನೋಡಿದರು. ಅಜ್ಜಿ ಹೊಸ್ತಿಲ ಮೇಲೆ ಕೂತಿದ್ದಳು.

"ಮೊಣಕಾಲ್ದು ನಿಂಗೆ ಯಾರು ಹೇಳಿದ್ರೇ?"

"ನೀ ಏಳಬೇಕಾದ್ರೆ ಗೋಡೆ ಹಿಡೀತಿ ಅಜ್ಜಿ."

ಅಜ್ಜಿ ನನ್ನ ಕಡೆ ನೋಡಿದಳು. ಅವಳ ಕಣ್ಣಿಗೆ ನಾನು ಎಷ್ಟು ಕಂಡೆನೋ. ಆಮೇಲೆ ಮೊದಲ ಬಾರಿ, ಎಲ್ಲರೆದುರು, ಗೋಡೆ ಹಿಡಿದು ಎದ್ದಳು.

"ನನ್ನ ನೋವು ಆ ತಾಯಿಗೆ ಮುಟ್ಟಿಸಾಕೆ ಈಟು ವರ್ಷ ಯಾರೂ ಇರ್ಲಿಲ್ಲ. ಹೊರೋ ಬುಟ್ಟಿ. ಹೊತ್ತು ಹುಟ್ತದೆ."

ಮಾವ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಹೊರಟರು. ಹಿಂದೆ ದೊಂದಿ ಹಿಡಿದ ದೊಡ್ಡಪ್ಪ, ಅವರ ಹಿಂದೆ ನಾವು. ಗದ್ದೆಯ ಅಂಚು ಇಬ್ಬನಿಗೆ ಜಾರುತ್ತಿತ್ತು. ಅಕ್ಕಪಕ್ಕದ ಗದ್ದೆಗಳಲ್ಲೂ ಬುಟ್ಟಿಗಳು, ದೊಂದಿಗಳು, ಭೂಮಿತಾಯಿಯನ್ನು ಊಟಕ್ಕೆ ಕರೆಯುವ ಕೂಗು. ಮುಂದೆ ನಡೆಯುತ್ತಿದ್ದ ಮಾವನ ತಲೆಯ ಮೇಲೆ ನನ್ನ ಸಾಲುಗಳು ಬೆಂಕಿಯ ಬೆಳಕಿನಲ್ಲಿ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತಿದ್ದವು. ನನ್ನ ಪುಸ್ತಕಗಳು ಆಮೇಲೆ ಅಂಗಡಿಗಳಲ್ಲಿ ಕೂತಿವೆ, ಸಭೆಗಳಲ್ಲಿ ಅವಕ್ಕೆ ಹಾರ ಬಿದ್ದಿದೆ. ಆದರೆ ನಾನು ಬರೆದದ್ದನ್ನು ಒಬ್ಬರು ತಲೆಯ ಮೇಲೆ ಹೊತ್ತು ನಡೆದದ್ದು ಆ ಒಂದು ಬೆಳಗ್ಗೆ.

ಎರಚಿ, ಉಂಡು, ಮನೆಗೆ ಬಂದ ಮೇಲೆ ದೊಡ್ಡಪ್ಪ ಗಡಿಯಾರ ನೋಡಿ ನನ್ನ ಚೀಲ ಎತ್ತಿಕೊಂಡರು.

"ಬಸ್ಸಿನ ಹೊತ್ತಾತು. ನಡಿಯವಾ."

ಅಡುಗೆಮನೆಯಿಂದ ಅತ್ತೆ ಹೊರಗೆ ಬಂದರು. ಗಂಡಸರ ಎದುರು ಜಗಲಿಗೆ ಬಂದು ಮಾತಾಡಿದವರಲ್ಲ ಅವರು. ಸುಟ್ಟ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದರು.

"ಭಾವ, ಬುಟ್ಟಿ ಬರೆದವಳು ಪೈರು ಮನೆಗೆ ಬರೋ ತಂಕ ಹೊರಗೆ ಹೋಗೂ ಹಂಗಿಲ್ಲ. ನಮ್ಮನೆ ಕಟ್ಟು. ನೀವೂ ಬೇಸಾಯದೋರು, ನಿಮಗೆ ನಾ ಹೇಳೂದೆಂತ."

ಹೋದ ವರ್ಷ ನಿಂತ ಗೆರೆ ಯಾಕೆ ನಿಂತಿತ್ತು, ನಿನ್ನೆ ಪಕ್ಕದ ಮನೆಯವರನ್ನು ಯಾಕೆ ಕರೆಯಲಿಲ್ಲ ಎಂಬುದು ನನಗೆ ಆಗ ತಿಳಿಯಿತು. ತಿಳಿಯಿತು ಎಂದು ನಾನು ನಂಬಿದ್ದೇನೆ. ಎಷ್ಟೋ ವರ್ಷದ ಮೇಲೆ ಅವರನ್ನು ಕೇಳಿದಾಗ, "ಕೈ ಸುಟ್ಟಿತ್ತು, ಕೊಟ್ಟೆ" ಎಂದಷ್ಟೇ ಹೇಳಿದರು.

ದೊಡ್ಡಪ್ಪ ಚೀಲವನ್ನು ಮೊದಲಿದ್ದ ಕಂಬಕ್ಕೆ ಒರಗಿಸಿಟ್ಟರು.

"ಭೂಮ್ತಾಯಿ ಮಾತಿಗೆ ಅಡ್ಡ ಬರಾಕ ನಾ ಯಾರ್ರೀ. ಇರ್ಲಿ. ಸುಗ್ಗಿ ಆಗ್ಲಿ, ನೋಡೂನು."

ಸುಗ್ಗಿ ಆಯಿತು. ಆ ವರ್ಷ ಕಣಜ ತುಂಬಿ ಉಳಿದ ಭತ್ತವನ್ನು ನಡುಮನೆಯಲ್ಲೇ ಒಟ್ಟಿದ್ದೆವು. ಅದಕ್ಕೂ ನನ್ನ ಅಕ್ಷರಕ್ಕೂ ಸಂಬಂಧ ಇಲ್ಲ, ಮಳೆ ಚೆನ್ನಾಗಿತ್ತು, ಅಷ್ಟೆ. ಅಜ್ಜಿ ಹಾಗೆ ಒಪ್ಪಲಿಲ್ಲ. ಊರಿನ ಮನೆ ಮನೆಗೆ ಹೇಳಿ ಬಂದಳು. ದೊಡ್ಡಪ್ಪ ಬರಲಿಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ, ಅವರ ಕೂಸು ಗೋಡೆ ಹಿಡಿದು ನಿಲ್ಲುತ್ತಿದೆ ಎಂದು ಯಾರೋ ಸುದ್ದಿ ತಂದರು. ನಾನು ಶಾಲೆಗೆ ಹೋದೆ. ಬಚ್ಚಲ ಗೋಡೆಯನ್ನು ಸಾರಿಸುವಾಗ ಅಜ್ಜಿ ಮೊದಲು ನನ್ನನ್ನು ಕರೆದು, ಬರೆದದ್ದನ್ನೆಲ್ಲ ಓದಿಸಿ, ಆಮೇಲೆ ಸಗಣಿ ಬಳಿಯುವುದು ರೂಢಿಯಾಯಿತು. ಕೆಲವು ಕಡೆ ತಿದ್ದುತ್ತಿದ್ದಳು ಕೂಡ:

"ನಾ ಹಂಗೆ ಹೇಳ್ಲಿಲ್ಲ. ಇನ್ನೂ ಜೋರಾಗಿ ಬೈದಿದ್ದೆ. ಸರಿಯಾಗಿ ಬರಿ."

ಮರುವರ್ಷ ಮಹಾನವಮಿಯ ದಿನ ನಾನು ಮತ್ತು ನಾಗಿ ನಮ್ಮ ಬುಟ್ಟಿಗೆ ಕೆಮ್ಮಣ್ಣು ಬಳಿಯುತ್ತಿದ್ದೆವು. ಕೈಯೆಲ್ಲ ಕೆಂಪು. ಗದ್ದೆಯ ಅಂಚಿನ ಮೇಲೆ ಯಾರೋ ಬರುತ್ತಿರುವುದು ಕಂಡಿತು. ದೊಡ್ಡಪ್ಪ. ನಾನು ಕೆಂಪು ಕೈಯಲ್ಲೇ ಎದ್ದು ನಿಂತೆ. ಅತ್ತೆ ಬಾಗಿಲಿಗೆ ಬಂದು ನಿಂತರು. ದೊಡ್ಡಪ್ಪ ಜಗಲಿ ಹತ್ತಿ, ಹೆಗಲಿನಿಂದ ಒಂದು ಗಂಟು ಇಳಿಸಿ ಬಿಚ್ಚಿದರು. ಒಳಗೆ ಒಂದು ಹೊಸ ಬಿದಿರಿನ ಬುಟ್ಟಿ. ಸೀಳಿದ ಬಿದಿರಿನ ಹಸಿ ವಾಸನೆ ಇನ್ನೂ ಹೋಗಿರಲಿಲ್ಲ.

"ನಮ್ಮನೀದೂ ಬರದುಕೊಡವಾ ತಂಗೀ. ನಿಮ್ಮ ದೊಡ್ಡಮ್ಮಂದು ಸೊಂಟ ಬ್ಯಾನಿ ಐತಿ, ಮೊದ್ಲು ಅದನ್ನ ಬರಿ. ಕೂಸಿಂದು ಹಲ್ಲು ಬಂದಾವು, ಅದನ್ನೂ ಬರಿ." ಆಮೇಲೆ ಮಾವನ ಕಡೆ ನೋಡಿ, "ಬೆಲ್ಲದ ವಿಚಾರ ಏನೂ ಬರೀಬ್ಯಾಡ" ಎಂದರು.

ಅತ್ತೆ ಒಳಗೆ ಹೋಗಿ, ಕಲೆಸಿದ ಹಿಟ್ಟಿನ ಬಟ್ಟಲು ಮತ್ತು ಹೊಸ ಪುಂಡಿನಾರಿನ ಕುಂಚ ತಂದು ನನ್ನ ಪಕ್ಕ ಇಟ್ಟರು. ಆ ಬುಟ್ಟಿಗೂ ಸಗಣಿ ಮೆತ್ತಿ ಕೆಮ್ಮಣ್ಣು ಬಳಿದು, ಒಣಗಲಿ ಎಂದು ಕಾದೆ. ಒಣಗಿದ ಮೇಲೆ, ಎಲ್ಲರೂ ಸುತ್ತ ಕೂತು ನೋಡುತ್ತಿರುವಾಗ, ಕುಂಚ ಅದ್ದಿ ಮೊದಲ ಸಾಲು ಬರೆದೆ:

"ಭೂಮಿತಾಯಿ, ಈ ಬುಟ್ಟಿಯನ್ನು ದೊಡ್ಡಪ್ಪ ಶಿಕಾರಿಪುರದಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ನನ್ನ ಹತ್ತಿರ ತಂದರು."